ರಾಜನಿಗೇ ‘ಚೆಕ್’ ಹೇಳಿದ ಪದ

ಬಸ್ಸಿಗೆ ‘ಚೆಕಿಂಗ್’ನವರು ಹತ್ತಿದರೆ ಟಿಕೆಟ್ ಕೊಂಡವರೂ ಒಮ್ಮೆ ಜೇಬು ಮುಟ್ಟಿ ನೋಡಿಕೊಳ್ಳುತ್ತಾರೆ. ಡಾಕ್ಟರು ಬಿ.ಪಿ. ಚೆಕ್ ಮಾಡುತ್ತಾರೆ. ಅಂಗಡಿಯವನು ಚೆಕ್ಸ್ ಲುಂಗಿ ಬಿಡಿಸಿ ತೋರಿಸುತ್ತಾನೆ. ಬ್ಯಾಂಕಿನಿಂದ ಚೆಕ್ ವಾಪಸು ಬರುತ್ತದೆ. ಕಾಡಿನ ಅಂಚಿನ ಚೆಕ್‌ಪೋಸ್ಟಿನಲ್ಲಿ ಗೇಟು ಬೀಳುತ್ತದೆ. ತಪಾಸಣೆ, ಹಣದ ಪತ್ರ, ಚೌಕಳಿ ಬಟ್ಟೆ, ತಡೆ– ಇವಕ್ಕೆಲ್ಲ ಎಲ್ಲಿಂದೆಲ್ಲಿಯ ಸಂಬಂಧ ಎನಿಸುವುದು ಸಹಜ. ಆದರೆ ಇವೆಲ್ಲ ಒಂದೇ ಮನೆಯ ಮಕ್ಕಳು. ಆ ಮನೆ ಚದುರಂಗದ ಹಾಸು. ಇನ್ನೂ ಸೋಜಿಗವೆಂದರೆ, ಈ ಪದದ ಮೂಲ ಅರ್ಥ ‘ರಾಜ’.

ಚದುರಂಗ ಹುಟ್ಟಿದ್ದು ಭಾರತದಲ್ಲಿ, ಸುಮಾರು 6ನೇ ಶತಮಾನದ ಹೊತ್ತಿಗೆ ಎಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಪರ್ಷಿಯಾಕ್ಕೆ ಹೋದಾಗ ಅದು ‘ಚತ್ರಂಗ್’ ಆಯಿತು, ಅರಬರ ಬಾಯಲ್ಲಿ ‘ಶತ್ರಂಜ್’. ರಾಜನ ಕಾಯಿಯನ್ನು ಪರ್ಷಿಯನ್ನರು ‘ಶಾಹ್’ ಎಂದರು. ಎದುರಾಳಿಯ ರಾಜ ಅಪಾಯಕ್ಕೆ ಸಿಕ್ಕಾಗ ‘ಶಾಹ್’ ಎಂದು ಕೂಗಿ ಎಚ್ಚರಿಸುವುದು ಆಟದ ಮರ್ಯಾದೆ. ಅರಬರ ಮೂಲಕ ಯೂರೋಪ್ ಸೇರಿದ ಈ ಕೂಗು ಹಳೆಯ ಫ್ರೆಂಚಿನಲ್ಲಿ ‘ಎಶೆಕ್’ ಎಂದಾಗಿ, ಇಂಗ್ಲಿಷಿಗೆ ಬರುವಾಗ ಮೊದಲ ಅಕ್ಷರ ಕಳೆದುಕೊಂಡು ‘ಚೆಕ್’ ಆಯಿತು. ಫ್ರೆಂಚಿನ ಬಹುವಚನ ರೂಪದಿಂದಲೇ ‘ಚೆಸ್’ ಬಂತು. ಅಂದಹಾಗೆ, ‘ಶಾಹ್’ ಮತ್ತು ನಮ್ಮ ‘ಕ್ಷತ್ರ’ ದಾಯಾದಿಗಳು. ಆಳುವುದು ಎಂಬರ್ಥದ ಒಂದೇ ಹಳೆಯ ಧಾತುವಿನಿಂದ ಬಂದವು.

ಹೀಗೆ ಮೊದಲು ಚೆಕ್ ಹೇಳಿಸಿಕೊಂಡವನು ರಾಜ. ಕಾಲ ಸರಿದಂತೆ ಸಂಗತಿ ತಿರುಗುಮುರುಗಾಯಿತು.

12ನೇ ಶತಮಾನದ ಇಂಗ್ಲೆಂಡಿಗೆ ಹೋಗೋಣ. ರಾಜನ ಬೊಕ್ಕಸದ ಲೆಕ್ಕ ನೋಡುವ ಸಭೆಗೆ ಒಂದು ದೊಡ್ಡ ಮೇಜು: 10 ಅಡಿ ಉದ್ದ, 5 ಅಡಿ ಅಗಲ. ಅದರ ಮೇಲೆ ಗೆರೆ ಹಾಕಿದ ಕಪ್ಪು ಬಟ್ಟೆ. ಚದುರಂಗದ ಹಾಸಿನಂತೆ ಕಂಡದ್ದರಿಂದ ಅದಕ್ಕೆ ‘ಸ್ಕಕ್ಕಾರಿಯಂ’ ಎಂಬ ಲ್ಯಾಟಿನ್ ಹೆಸರು. ಇಂಗ್ಲಿಷಿನ ‘ಎಕ್ಸ್‌ಚೆಕರ್’ ಅದೇ. ನಮ್ಮ ಶಾನುಭೋಗರು ಜಮಾಬಂದಿಗೆ ಕಡತ ಹೊತ್ತು ಬರುತ್ತಿದ್ದಂತೆ, ಅಲ್ಲಿ ಜಿಲ್ಲೆ ಜಿಲ್ಲೆಗಳ ಶೆರೀಫರು ವರ್ಷಕ್ಕೆರಡು ಬಾರಿ ಬಂದು ವಸೂಲಿಯ ಲೆಕ್ಕ ಒಪ್ಪಿಸಬೇಕಿತ್ತು. ಪೆನ್ನಿಗೊಂದು ಸಾಲು, ಶಿಲಿಂಗಿಗೊಂದು, ಪೌಂಡಿಗೊಂದು. ಮುಂದೆ ಇಪ್ಪತ್ತು, ನೂರು, ಸಾವಿರ. ಸಾಲುಗಳಲ್ಲಿ ಬಿಲ್ಲೆಗಳನ್ನಿಟ್ಟು ಕೂಡಿ ಕಳೆಯುತ್ತಿದ್ದರು. ರೋಮನ್ ಅಂಕಿಗಳಲ್ಲಿ ಸೊನ್ನೆಯಿಲ್ಲ, ಹಾಗಾಗಿ ಸೊನ್ನೆಯ ಕೆಲಸವನ್ನು ಖಾಲಿ ಸಾಲು ಮಾಡುತ್ತಿತ್ತು. ಓದುಬರಹ ಬಾರದವನಿಗೂ ತಾನು ಎಷ್ಟು ಬಾಕಿ ಎಂಬುದು ಕಣ್ಣೆದುರೇ ಕಾಣುತ್ತಿತ್ತು. ಸ್ವತಃ ಖಜಾಂಚಿಯಾಗಿದ್ದ ರಿಚರ್ಡ್ ಫಿಟ್ಸ್‌ನೀಲ್ 1170ರ ದಶಕದ ಕೊನೆಗೆ ಈ ಸಭೆಯ ಬಗ್ಗೆ ಒಂದು ಪುಸ್ತಕವನ್ನೇ ಬರೆದ. ಇಲ್ಲಿನ ಹೋರಾಟವೂ ಚದುರಂಗವೇ, ಆಡುವವರು ಖಜಾಂಚಿ ಮತ್ತು ಶೆರೀಫ್ ಎಂಬುದು ಅವನ ಹೋಲಿಕೆ. ರಾಜನನ್ನು ಕಟ್ಟಿಹಾಕುವ ಆಟ ರಾಜನ ಪರವಾಗಿ ಲೆಕ್ಕ ಕೇಳುವ ಆಟವಾದದ್ದು ಹೀಗೆ. ಕಳ್ಳ ಲೆಕ್ಕವನ್ನು ‘ತಡೆ’ಯಬೇಕಾದರೆ ‘ತಾಳೆ’ ನೋಡಲೇಬೇಕಲ್ಲವೇ? ತಡೆ ಎಂಬ ಅರ್ಥದ ಪಕ್ಕದಲ್ಲೇ ತಪಾಸಣೆ ಎಂಬ ಅರ್ಥವೂ ಮೊಳೆಯಿತು.

ತಾಳೆ ನೋಡಲು ಅವರಿಗೆ ಕಾಗದವಿರಲಿಲ್ಲ, ಕೋಲಿತ್ತು. ಕೊಟ್ಟ ಹಣದಷ್ಟು ಕಚ್ಚು ಹಾಕಿ, ಕೋಲನ್ನು ಉದ್ದಕ್ಕೆ ಸೀಳಿ, ಇಬ್ಬರೂ ಒಂದೊಂದು ಹೋಳು ಇಟ್ಟುಕೊಳ್ಳುವುದು. ಎರಡನ್ನೂ ಜೋಡಿಸಿದಾಗ ಕಚ್ಚು ಕೂಡದಿದ್ದರೆ ಮೋಸ ಬಯಲು. 19ನೇ ಶತಮಾನದವರೆಗೂ ಬಳಕೆಯಲ್ಲಿದ್ದ ಈ ಕೋಲುಗಳು ಬೇಡವಾದ ಮೇಲೆ 1834ರ ಅಕ್ಟೋಬರ್ 16ರಂದು ಅವನ್ನು ಲಂಡನ್ನಿನ ಪಾರ್ಲಿಮೆಂಟ್ ಕಟ್ಟಡದ ಒಲೆಗಳಲ್ಲಿ ಸುಟ್ಟರು. ಒಲೆಯ ಬೆಂಕಿ ಕಟ್ಟಡಕ್ಕೇ ಹತ್ತಿ ಪಾರ್ಲಿಮೆಂಟಿನ ಬಹುಭಾಗ ಭಸ್ಮವಾಯಿತು!

ಅಷ್ಟರಲ್ಲಿ ಕಾಗದದ ಕಾಲ ಬಂದಾಗಿತ್ತು. 18ನೇ ಶತಮಾನದ ಆರಂಭದಲ್ಲಿ ‘ಚೆಕ್’ ಎಂದರೆ ಹಣದ ಪತ್ರವಲ್ಲ, ತಾಳೆ ನೋಡಲು ಹರಿದಿಟ್ಟುಕೊಳ್ಳುವ ಪ್ರತಿಭಾಗ, ನಾವೆನ್ನುವ ಕೌಂಟರ್‌ಫಾಯಿಲ್. ಹೆಸರು ಕ್ರಮೇಣ ಪತ್ರಕ್ಕೇ ಅಂಟಿತು. ಇಂಗ್ಲಿಷರು ಎಕ್ಸ್‌ಚೆಕರ್‌ನ ನೆನಪಿನಲ್ಲಿ ಅದರ ಕಾಗುಣಿತ ಬದಲಿಸಿದರು, ಅಮೆರಿಕನ್ನರು ಬದಲಿಸಲಿಲ್ಲ. ಕನ್ನಡಕ್ಕೆ ಈ ರಗಳೆಯಿಲ್ಲ. ನಮಗೆ ಎರಡೂ ಒಂದೇ ‘ಚೆಕ್’.

ನಮ್ಮಲ್ಲಿ ಚೆಕ್ಕಿಗೆ ಕಾನೂನಿನ ವ್ಯಾಖ್ಯೆ ಸಿಕ್ಕಿದ್ದು 1881ರ ವರ್ಗಾವಣೀಯ ಲಿಖಿತಗಳ ಕಾಯ್ದೆಯಿಂದ. 1988ರಲ್ಲಿ ಅದಕ್ಕೆ ತಿದ್ದುಪಡಿ ತಂದು, ಖಾತೆಯಲ್ಲಿ ಹಣವಿಲ್ಲದೆ ಚೆಕ್ ಮರಳುವುದನ್ನು ಅಪರಾಧವಾಗಿಸಿದರು. ಈ 138ನೇ ಕಲಮಿನ ಮೊಕದ್ದಮೆಗಳು ಎಷ್ಟು ಬೆಳೆದವೆಂದರೆ, ಅವುಗಳ ವಿಲೇವಾರಿಗೆ ದಾರಿ ಹೇಳಲು 2021ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೇ ಕೂರಬೇಕಾಯಿತು. ಚೆಕ್‌ಪೋಸ್ಟಿನ ಕತೆ ಬೇರೆ. 2017ರಲ್ಲಿ ಜಿಎಸ್‌ಟಿ ಬಂದ ಮೇಲೆ ರಾಜ್ಯಗಳ ಗಡಿಯ ಮಾರಾಟ ತೆರಿಗೆ ಚೆಕ್‌ಪೋಸ್ಟುಗಳು ಕಾಣೆಯಾದವು. ಬಂಡೀಪುರದಂಥ ಕಡೆ ಅರಣ್ಯದವರ ಗೇಟು ಉಳಿದಿದೆ.

ಅಧಿಕಾರಸ್ಥರಿಗೇ ಲಗಾಮು ಎಂಬ ಹಳೆಯ ಅರ್ಥ ಈಗ ಉಳಿದಿರುವುದು ಹೆಚ್ಚಾಗಿ ರಾಜ್ಯಶಾಸ್ತ್ರದ ‘ಚೆಕ್ಸ್ ಅಂಡ್ ಬ್ಯಾಲೆನ್ಸಸ್’ನಲ್ಲಿ. ನಿತ್ಯದ ಮಾತಿನಲ್ಲಿ ಚೆಕ್ ಮಾಡುವವರು ಅವರು, ಮಾಡಿಸಿಕೊಳ್ಳುವವರು ನಾವು.

ಆಟವೂ ಲೆಕ್ಕವೂ ಒಬ್ಬನೇ ರಾಜನ ಬಾಳಿನಲ್ಲಿ ಕೂಡಿದ ಪ್ರಸಂಗ ನಮ್ಮ ಮೈಸೂರಿನದೇ. ಮುಮ್ಮಡಿ ಕೃಷ್ಣರಾಜ ಒಡೆಯರು ಚದುರಂಗದಲ್ಲಿ ನಿಸ್ಸೀಮರು. ಕುದುರೆಯ ನಡೆಯಲ್ಲೇ 64 ಮನೆಗಳನ್ನೂ ಒಂದೊಂದೇ ಸಲ ಮುಟ್ಟಿ ಬರುವ ಬಂಧಗಳನ್ನು ರಚಿಸಿದವರು. ಅವರ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿ ಭಾಗ ಇಂಥ ಆಟಗಳಿಗೇ ಮೀಸಲು. 1799ರ ಒಪ್ಪಂದದಂತೆ ಮೈಸೂರು ವರ್ಷಕ್ಕೆ 7 ಲಕ್ಷ ವರಹಗಳನ್ನು ಕಂಪನಿಗೆ ಕಟ್ಟಬೇಕಿತ್ತು. ನಗರದ ರೈತರ ದಂಗೆ ಮತ್ತು ಹಣಕಾಸಿನ ಅವ್ಯವಸ್ಥೆಯನ್ನು ಮುಂದೊಡ್ಡಿ 1831ರಲ್ಲಿ ಕಂಪನಿ ಆಡಳಿತವನ್ನು ಅವರ ಕೈಯಿಂದ ಕಿತ್ತುಕೊಂಡಿತು. ದಂಗೆಯ ವಿಚಾರಣೆಗೆಂದು ಕಂಪನಿಯೇ ನೇಮಿಸಿದ ಸಮಿತಿ ರಾಜರನ್ನು ಅಷ್ಟಾಗಿ ದೂರದಿದ್ದರೂ ಕಿತ್ತುಕೊಂಡದ್ದು ಮರಳಲಿಲ್ಲ. ಮೈಸೂರು ಒಡೆಯರ ವಂಶಕ್ಕೆ ಮತ್ತೆ ಸಿಕ್ಕಿದ್ದು 1881ರಲ್ಲಿ. ಮುಮ್ಮಡಿಯವರು ತೀರಿಕೊಂಡು ಆಗ 13 ವರ್ಷ ಕಳೆದಿತ್ತು.