ಒಂದು ಜನ, ಎರಡು ಹೆಸರು

ಮಳವಳ್ಳಿ ತಾಲ್ಲೂಕಿನ ಹಲಗೂರು ಹೋಬಳಿಗೆ ದಕ್ಷಿಣದ ಎಲ್ಲೆ ಕಾವೇರಿ. ಮುತ್ತತ್ತಿಯಲ್ಲಿ ನಿಂತು ನೋಡಿದರೆ ಆಚೆಯ ದಡದ ಕಾಡಿಗೂ ಈಚೆಯ ದಡದ ಕಾಡಿಗೂ ಭೇದ ಕಾಣದು. ಆದರೂ 1956ರ ನವೆಂಬರ್ 1ರವರೆಗೆ ಈಚೆಯ ದಡ ಮೈಸೂರಿನದು, ಆಚೆಯದು ಮದರಾಸಿನದು. 1799ರಲ್ಲಿ ಟಿಪ್ಪುವಿನ ಪತನಾನಂತರ ಕೊಳ್ಳೇಗಾಲದ ಸೀಮೆ ಕಂಪನಿಯ ಪಾಲಿಗೆ ಹೋಗಿ, ಮುಂದೆ ಕೊಯಮತ್ತೂರು ಜಿಲ್ಲೆಯ ಒಂದು ತಾಲ್ಲೂಕಾಗಿ ಉಳಿದುದೇ ಇದಕ್ಕೆ ಕಾರಣ.

ಆಡಳಿತದ ಎಲ್ಲೆಗಳು ನಮ್ಮ ಸುತ್ತ ಮತ್ತೆ ಮತ್ತೆ ಬದಲಾಗಿವೆ. 1939ರಲ್ಲಿ ಮೈಸೂರು ಜಿಲ್ಲೆಯಿಂದ ಮಂಡ್ಯ ಬೇರೆಯಾಯಿತು. ಕೊಳ್ಳೇಗಾಲವು 1956ರಲ್ಲಿ ಮೈಸೂರು ಜಿಲ್ಲೆಗೂ, 1997ರಲ್ಲಿ ಹೊಸ ಚಾಮರಾಜನಗರ ಜಿಲ್ಲೆಗೂ ಸೇರಿತು. ಪಕ್ಕದ ಕನಕಪುರವು ಬೆಂಗಳೂರು ಜಿಲ್ಲೆಯಿಂದ 1986ರಲ್ಲಿ ಬೆಂಗಳೂರು ಗ್ರಾಮಾಂತರಕ್ಕೆ, 2007ರಲ್ಲಿ ರಾಮನಗರಕ್ಕೆ ಹೋಯಿತು. 2025ರಲ್ಲಿ ಆ ಜಿಲ್ಲೆಗೇ ಬೆಂಗಳೂರು ದಕ್ಷಿಣವೆಂಬ ಹೆಸರಾಯಿತು. ಊರುಗಳು ಇದ್ದಲ್ಲಿಯೇ ಇದ್ದವು; ಅರ್ಜಿಯ ಮೇಲಿನ ವಿಳಾಸ ಮಾತ್ರ ಬದಲಾಯಿತು.

ಬಯಲುನಾಡಿನ ಒಕ್ಕಲಿಗೆ ಇದು ಕಚೇರಿಗೆ ಹೋಗುವ ದಾರಿಯ ಬದಲಾವಣೆ. ಕಾಡಿನ ಜನಕ್ಕೆ ಹಾಗಲ್ಲ. ಬಿಳಿಗಿರಿರಂಗನ ಬೆಟ್ಟದಲ್ಲಿಯೂ ಮಲೆ ಮಹದೇಶ್ವರನ ಬೆಟ್ಟದಲ್ಲಿಯೂ ಸೋಲಿಗರು ನೆಲೆಸಿದ್ದಾರೆ. ಮೊದಲನೆಯದು ಮೈಸೂರಿನ ಯಳಂದೂರು ತಾಲ್ಲೂಕಿಗೂ, ಎರಡನೆಯದು ಮದರಾಸಿನ ಕೊಳ್ಳೇಗಾಲ ತಾಲ್ಲೂಕಿಗೂ ಸೇರಿದ್ದುದರಿಂದ, ಒಂದೇ ಜನ ಎರಡು ಸರಕಾರಗಳ ದಫ್ತರಗಳಲ್ಲಿ ದಾಖಲಾದರು.

ರಾಜ್ಯಗಳು ಒಂದಾದ ಮೇಲೂ ದಫ್ತರಗಳು ಒಂದಾಗಲಿಲ್ಲ. 1956ರಲ್ಲಿ ಪರಿಷ್ಕೃತವಾದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ಹಳೆಯ ಮೈಸೂರಿನ ಪ್ರದೇಶಕ್ಕೆ ಒಂದು ಭಾಗ, ದಕ್ಷಿಣ ಕನ್ನಡ ಜಿಲ್ಲೆಗೂ ಕೊಳ್ಳೇಗಾಲ ತಾಲ್ಲೂಕಿಗೂ ಇನ್ನೊಂದು ಭಾಗ. ಮೊದಲನೆಯದರಲ್ಲಿ 'ಸೋಲಿಗರು', 'ಇರುಳಿಗ'. ಎರಡನೆಯದರಲ್ಲಿ 'ಶೋಲಗ', 'ಇರುಳರ್'. ಕನ್ನಡ ವ್ಯಾಕರಣವನ್ನು ಪಾಠ ಹೇಳಿದ ನನಗೆ ಇಲ್ಲಿ ಜಾತಿಭೇದ ಕಾಣುವುದಿಲ್ಲ, ಪ್ರತ್ಯಯಭೇದ ಕಾಣುತ್ತದೆ. 'ಇರುಳ್' ಎಂಬುದಕ್ಕೆ ಕನ್ನಡವು 'ಇಗ'ವನ್ನು ಹಚ್ಚಿತು, ತಮಿಳು 'ಅರ್' ಹಚ್ಚಿತು. ಪಟ್ಟಿ ಬರೆದವರು ಅವನ್ನು ಎರಡು ಪಂಗಡಗಳೆಂದು ಬರೆದುಕೊಂಡರು. 1976ರ ತಿದ್ದುಪಡಿ ಶಾಸನವು ಪ್ರದೇಶದ ಕಟ್ಟುಗಳನ್ನು ಬಹುಮಟ್ಟಿಗೆ ತೆಗೆದುಹಾಕಿತು. ಈ ಜೋಡಿ ಹೆಸರುಗಳು ಮಾತ್ರ ಪಟ್ಟಿಯಲ್ಲಿ ಉಳಿದುಕೊಂಡವು.

ಹೆಸರಿನಲ್ಲೇನಿದೆ ಎಂದು ಕೇಳಬಹುದು. ಶಾಲೆಯ ಪ್ರವೇಶ, ವಿದ್ಯಾರ್ಥಿವೇತನ, ನೌಕರಿ, ಎಲ್ಲಕ್ಕೂ ಬೇಕಾದ ಪ್ರಮಾಣಪತ್ರವು ಪಟ್ಟಿಯ ಅಕ್ಷರವನ್ನು ನೋಡುತ್ತದೆಯೇ ಹೊರತು ಮನುಷ್ಯನ ಮುಖವನ್ನಲ್ಲ. ಜನಗಣತಿಯೂ ಹೆಸರಿಗೊಂದು ಸಾಲಿನಂತೆ ಎಣಿಸುತ್ತದೆ.

ಒಟ್ಟು ಅಂಕಿಗಳನ್ನೂ ಎಚ್ಚರದಿಂದ ಓದಬೇಕು. 2011ರ ಗಣತಿಯಂತೆ ಮಂಡ್ಯ ಜಿಲ್ಲೆಯ ಜನಸಂಖ್ಯೆ 18,05,769. ಅದರಲ್ಲಿ ಪರಿಶಿಷ್ಟ ಪಂಗಡದವರು ಶೇಕಡಾ 1ಕ್ಕೆ ತುಸು ಹೆಚ್ಚು. ಚಾಮರಾಜನಗರದ 10,20,791 ಜನರಲ್ಲಿ ಅವರು ಸುಮಾರು ಶೇಕಡಾ 12. ನದಿಯೊಂದನ್ನು ದಾಟಿದ ಮಾತ್ರಕ್ಕೆ ಇಷ್ಟು ಅಂತರವೆ? ಆ 12ರಲ್ಲಿ, 1991ರಲ್ಲಿ ಪಟ್ಟಿಗೆ ಹೆಸರು ಸೇರಿದ ನಾಯಕ ಸಮುದಾಯದವರೂ ಇದ್ದಾರೆ. ಕಾಡಿನ ಸೋಲಿಗರ ಸ್ಥಿತಿಗತಿ ಆ ಒಂದೇ ಅಂಕಿಯಿಂದ ತಿಳಿಯದು.

ಜಿಲ್ಲೆಯ ಎಲ್ಲೆ ಆಡಳಿತದ ಅನುಕೂಲಕ್ಕಾಗಿ ಎಳೆದ ಗೆರೆ. ಅದನ್ನು ಅಳಿಸಿ ಬೇರೆಡೆ ಎಳೆಯಲು ಒಂದು ಆಜ್ಞೆ ಸಾಕು. ಆದರೆ ಅದು ಜನರ ಹೆಸರಿನಲ್ಲಿ ಉಳಿಸಿದ ಗಾಯ ಮಾಯಲು ಎರಡು ತಲೆಮಾರು ಕಳೆದರೂ ಸಾಲದು. ಜನಸಂಖ್ಯೆಯ ಪುಸ್ತಕವನ್ನು ತೆರೆಯುವಾಗ ಎಷ್ಟು ಜನ ಎಂದು ನೋಡುವ ಮೊದಲು, ಅವರನ್ನು ಯಾವ ಹೆಸರಿನಿಂದ ಎಣಿಸಿದ್ದಾರೆ ಎಂದು ನೋಡುವುದು ಲೇಸು.