ಗಿಳಿಯ ಕಾಲಿನ ಕಥೆ

1980ರ ಸುಮಾರಿಗೆ ನಮ್ಮಜ್ಜಿ ಮನೆಯ ಜಗಲಿಯಲ್ಲಿ ಒಂದು ಗಿಳಿ ಇತ್ತು. ತಂತಿ ಪಂಜರ, ಅಡ್ಡಕ್ಕೆ ಒಂದು ನುಣುಪಾದ ಕೋಲು. ಗೇಟು ಸದ್ದಾದರೆ ಸಾಕು, ‘ಯಾರೋ ಬಂದ್ರು’ ಅಂತ ಅಜ್ಜಿಯ ದನಿಯಲ್ಲೇ ಕೂಗೋದು. ಬಂದವರೆಲ್ಲ ಮಾತಾಡಿಸಿ ನಗೋರು. ಕೊನೆಕೊನೆಗೆ ಅದು ಒಂದೇ ಕಾಲಲ್ಲಿ ನಿಂತಿರ್ತಿತ್ತು. ವಯಸ್ಸಾಯ್ತು ಅಂದುಕೊಂಡೆವು.

ಗಿಳಿ ಸಾಕುವ ಚರಿತ್ರೆ ಓದಿದರೂ ಹೀಗೇ, ಎಲ್ಲ ಕಡೆ ಮಾತಿನದೇ ದೊಡ್ಡಸ್ತಿಕೆ. ವಾತ್ಸ್ಯಾಯನನ ಕಾಮಸೂತ್ರ ಹೇಳುವ 64 ಕಲೆಗಳಲ್ಲಿ ಗಿಳಿ, ಮೈನಾಗಳಿಗೆ ಮಾತು ಕಲಿಸೋದೂ ಒಂದು. ಬಾಣನ ಕಾದಂಬರಿಯಲ್ಲಿ ವೈಶಂಪಾಯನ ಅನ್ನೋ ಗಿಳಿ ಪಂಜರದಲ್ಲಿ ಶೂದ್ರಕ ರಾಜನ ಆಸ್ಥಾನಕ್ಕೆ ಬಂದು ಕಥೆಯನ್ನೇ ಹೇಳುತ್ತೆ. ನಾಗವರ್ಮ ಅದನ್ನ ಕನ್ನಡಕ್ಕೆ ತಂದ. ಆದರೆ ಬಾಣ ಒಂದನ್ನ ಮರೆಯಲಿಲ್ಲ ನೋಡಿ: ಆ ಗಿಳಿ ಹುಟ್ಟಿದ್ದು ಹಳೆಯ ಬೂರುಗದ ಮರದ ಪೊಟರೆಯಲ್ಲಿ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರು ಚೆನ್ನಕೇಶವನ ಗುಡಿಯಲ್ಲಿ ಶುಕಭಾಷಿಣಿ ಇದ್ದಾಳೆ. ಅವಳ ಗಿಳಿಗೆ ಕೋಲಿಲ್ಲ, ಪಂಜರವಿಲ್ಲ, ಅವಳ ಕೈಯೇ ಕೊಂಬೆ.

1840ರಲ್ಲಿ ಜಾನ್ ಗೌಲ್ಡ್ ಆಸ್ಟ್ರೇಲಿಯಾದಿಂದ ಜೀವಂತ ಬಜರಿಗರ್‌ಗಳನ್ನ ಇಂಗ್ಲೆಂಡಿಗೆ ಒಯ್ದ. ಆಮೇಲೆ ಈ ಪುಟ್ಟ ಗಿಳಿ ಜಗತ್ತಿನ ಮನೆಮನೆಯ ಹಕ್ಕಿಯಾಯ್ತು. ನಮ್ಮಲ್ಲಿ ‘ಲವ್ ಬರ್ಡ್ಸ್’ ಅಂತ ಮಾರೋದು ಹೆಚ್ಚಾಗಿ ಇದನ್ನೇ. ಜೊತೆಗೆ ಸಿಗೋ ಪಂಜರದಲ್ಲಿ ಒಂದೇ ದಪ್ಪದ ಎರಡು ಕೋಲು. ಹೋದ ವರ್ಷ ನನ್ನ ತಂಗಿ ಮಗಳು ತಂದದ್ದೂ ಅಂಥದ್ದೇ. ಹಕ್ಕಿಯ ಅಂಗಾಲು ಕೆಂಪಾದಾಗ ಡಾಕ್ಟರು ಔಷಧಿಗಿಂತ ಮೊದಲು ಹೇಳಿದ ಮಾತು: ‘ಮೊದಲು ಕೋಲು ಬದಲಾಯಿಸಿ.’

ಗಿಳಿಗೆ ಎರಡು ಬೆರಳು ಮುಂದೆ, ಎರಡು ಹಿಂದೆ. ಮರದಲ್ಲಿ ಅದು ಇವತ್ತು ತೆಳು ರೆಂಬೆ, ನಾಳೆ ದಪ್ಪ ಕೊಂಬೆ ಹಿಡಿಯುತ್ತೆ. ಒಂದೇ ಅಳತೆಯ ಕೋಲಿನ ಮೇಲೆ ಹಗಲೂ ರಾತ್ರಿ ನಿಂತರೆ ಭಾರವೆಲ್ಲ ಅಂಗಾಲಿನ ಒಂದೇ ಜಾಗಕ್ಕೆ ಬಿದ್ದು ಹುಣ್ಣಾಗುತ್ತೆ. ಅಜ್ಜಿಯ ಗಿಳಿ ಕಾಲು ಎತ್ತಿಕೊಂಡಿದ್ದು ಯಾಕಿರಬಹುದು ಅಂತ ನನಗೆ ಹೊಳೆದದ್ದು ಅವತ್ತು, ನಲವತ್ತು ವರ್ಷ ತಡವಾಗಿ.

ಈಗ ಆ ಪಂಜರದಲ್ಲಿ ಕೀಟನಾಶಕ ಹೊಡೆಯದ ಸೀಬೆ ಮರದ ಮೂರು ಕೊಂಬೆಗಳಿವೆ, ತೊಳೆದು ಬಿಸಿಲಿಗೆ ಒಣಗಿಸಿದ್ದು. ಮೂರೂ ಬೇರೆ ಬೇರೆ ದಪ್ಪ. ಬೆರಳುಗಳು ಕೊಂಬೆಯನ್ನ ಮುಕ್ಕಾಲು ಭಾಗ ಸುತ್ತಿದರೆ ಹಿಡಿತ ಸರಿ. ಮಲಗೋ ಕೊಂಬೆ ಎಲ್ಲಕ್ಕಿಂತ ಮೇಲೆ. ಕಾಳು, ನೀರಿನ ಬಟ್ಟಲ ಮೇಲೆ ಕೊಂಬೆ ಬೇಡ, ಹಿಕ್ಕೆ ಬೀಳುತ್ತೆ. ಬಾಲ ಸರಳಿಗೆ ತಾಗಬಾರದು. ಉಗುರು ಸವೆಯಲಿ ಅಂತ ಮರಳುಕಾಗದ ಸುತ್ತಿದ ಕೋಲನ್ನಂತೂ ತರಬೇಡಿ, ಉಗುರಿಗಿಂತ ಮೊದಲು ಅಂಗಾಲು ಸವೆಯುತ್ತೆ.

ಇದೆಲ್ಲ ಹೊರನಾಡಿನ ಸಾಕುಗಿಳಿಗಳ ಮಾತು. ನಮ್ಮ ಕಾಡುಗಿಳಿಗಳನ್ನ ಹಿಡಿಯೋದು, ಮಾರೋದು, ಸಾಕೋದು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಅಜ್ಜಿಯ ಜಗಲಿ ಈಗ ಖಾಲಿ. ಎದುರಿನ ಸೀಬೆ ಮರಕ್ಕೆ ಸಂಜೆ ಗಿಳಿಗಳು ಬರ್ತವೆ. ನಾನೀಗ ಮೊದಲು ನೋಡೋದು ಅವುಗಳ ಕಾಲು.