ಉಡುಪಿಯ ಕುರ್ಚಿ, ನಂದಿಕೂರಿನ ಚಿಮಣಿ

ಪಡುಬಿದ್ರಿಯಲ್ಲಿ ಹೆದ್ದಾರಿ ಬಿಟ್ಟು ಕಾರ್ಕಳದ ರಸ್ತೆ ಹಿಡಿದರೆ ನಾಲ್ಕೈದು ಕಿಲೋಮೀಟರಿನೊಳಗೆ ನಂದಿಕೂರು ಸಿಗುತ್ತದೆ. ದುರ್ಗಾಪರಮೇಶ್ವರಿ ದೇವಸ್ಥಾನ, ಗದ್ದೆ, ತೆಂಗಿನ ತೋಟ, ಕೊಂಕಣ ರೈಲ್ವೆಯ ಒಂದು ಚಿಕ್ಕ ನಿಲ್ದಾಣ. ಪಕ್ಕದ ಅಡ್ವೆಯಲ್ಲಿ ಕೋಟಿ-ಚೆನ್ನಯ ಜೋಡುಕರೆ ಕಂಬಳ ನಡೆಯುವಾಗ ಜಿಲ್ಲೆಯ ಮೂಲೆಮೂಲೆಯಿಂದ ಕೋಣಗಳು ಬಂದಿಳಿಯುತ್ತವೆ. ಒಂದು ದಿಕ್ಕಿಗೆ ಪಲಿಮಾರು, ಇನ್ನೊಂದು ದಿಕ್ಕಿಗೆ ಅದಮಾರು. ಮಧ್ವಾಚಾರ್ಯರ ಶಿಷ್ಯರಾದ ಹೃಷಿಕೇಶ ತೀರ್ಥರು ಮತ್ತು ನರಸಿಂಹ ತೀರ್ಥರಿಂದ ಆರಂಭವಾದ ಎರಡು ಮಠಗಳ ಮೂಲನೆಲೆಗಳಿವು. ಉಡುಪಿ ಕೃಷ್ಣಮಠದ ಪರ್ಯಾಯದ, ಅಂದರೆ ಪೂಜೆಯ ಹೊಣೆಯ, ಸರದಿ ಪಲಿಮಾರಿನಿಂದ ಶುರುವಾಗಿ ಅದಮಾರಿಗೆ ಬರುತ್ತದೆ. ಹಾಗಾಗಿ ಈ ಸೀಮೆಯವರಿಗೆ ಉಡುಪಿ ಯಾವತ್ತೂ ದೂರದ ಪೇಟೆಯಾಗಿರಲಿಲ್ಲ. ಕಾಪು ತಾಲ್ಲೂಕು ಆಗುವವರೆಗೂ ಪಹಣಿಗೆ, ಕೋರ್ಟಿಗೆ, ಆಸ್ಪತ್ರೆಗೆ ಎಲ್ಲದಕ್ಕೂ ಉಡುಪಿಗೇ ಹೋಗಬೇಕಿತ್ತು.

ನಂದಿಕೂರಿನ ಚರಿತ್ರೆಯನ್ನು ಹೇಳಹೊರಟರೆ ಉಡುಪಿ ಪುರಸಭೆಯ ಒಂದು ಕುರ್ಚಿಯ ಕಥೆಯನ್ನೂ ಹೇಳಬೇಕಾಗುತ್ತದೆ. ಆ ಕುರ್ಚಿಯಲ್ಲಿ ಕೂತಿದ್ದವರು ಮುಂದೆ ಈ ಜಿಲ್ಲೆಯ ಉಸ್ತುವಾರಿ ಸಚಿವರಾದರು. ಅವರು ಸಚಿವರಾಗಿದ್ದ ಹೊತ್ತಿಗೇ ನಂದಿಕೂರಿನ ಮಗ್ಗುಲಲ್ಲಿ ಚಿಮಣಿ ಎದ್ದಿತು. ಅವರೇ ಡಾ. ವಿ.ಎಸ್. ಆಚಾರ್ಯ.

ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಆಗಿದ್ದರೆ ಅವರನ್ನು ಮೇಯರ್ ಎನ್ನುತ್ತಿದ್ದರು. ನಮ್ಮ ರಾಜ್ಯದಲ್ಲಿ ಮಹಾನಗರಪಾಲಿಕೆ ಇದ್ದಲ್ಲಿ ಮಾತ್ರ ಮೇಯರ್. ಅದಕ್ಕೆ ಊರಿನ ಜನಸಂಖ್ಯೆ ಮೂರು ಲಕ್ಷವಾದರೂ ಇರಬೇಕು. 2011ರ ಜನಗಣತಿಯಲ್ಲಿ ಉಡುಪಿ ನಗರಸಭೆಯ ಜನಸಂಖ್ಯೆ ಸುಮಾರು 1.25 ಲಕ್ಷ. 1968ರಲ್ಲಂತೂ ಅದು ಬರೀ ಪುರಸಭೆ, ಅದರ ಮುಖ್ಯಸ್ಥರು ಪುರಸಭಾಧ್ಯಕ್ಷರು. ಹೆಸರು ಬೇರೆಯಾದರೂ ಹೊಣೆ ಅದೇ: ಊರಿನ ನೀರು, ಚರಂಡಿ, ಕಸ, ಬೀದಿದೀಪ.

ಆಚಾರ್ಯರು ಹುಟ್ಟಿದ್ದು 1940ರ ಜುಲೈ 6ರಂದು. ಮಣಿಪಾಲದಲ್ಲಿ ಡಾ. ಟಿ.ಎಂ.ಎ. ಪೈ 1953ರಲ್ಲಿ ತೆರೆದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನಲ್ಲಿ ಓದಿ ಡಾಕ್ಟರಾದರು. ದೇಶದಲ್ಲಿ ಖಾಸಗಿ ಮೆಡಿಕಲ್ ಕಾಲೇಜು ಎಂಬುದೇ ಹೊಸದಾಗಿದ್ದ ಕಾಲವದು. ಓದು ಮುಗಿಸಿ ದೊಡ್ಡ ಪೇಟೆಗೆ ಹೋಗದೆ ಉಡುಪಿಯಲ್ಲೇ ವೈದ್ಯವೃತ್ತಿ ಹಿಡಿದರು, ಜನಸಂಘ ಸೇರಿದರು. 1967ರ ವಿಧಾನಸಭಾ ಚುನಾವಣೆಯಲ್ಲಿ ಇಡೀ ಮೈಸೂರು ರಾಜ್ಯದಲ್ಲಿ ಜನಸಂಘಕ್ಕೆ ಬಂದದ್ದು ನಾಲ್ಕೇ ಸ್ಥಾನ. ಮರುವರ್ಷ ಉಡುಪಿ ಪುರಸಭೆಯಲ್ಲಿ ಆ ಪಕ್ಷ ಗೆದ್ದಿತು. ದಕ್ಷಿಣ ಭಾರತದಲ್ಲಿ ಜನಸಂಘದ ಕೈಗೆ ಬಂದ ಮೊದಲ ಪುರಸಭೆ ಇದು. ಅಧ್ಯಕ್ಷರಾದಾಗ ಆಚಾರ್ಯರಿಗೆ ವಯಸ್ಸು 28.

ಆ ವರ್ಷ ಉಡುಪಿಯಲ್ಲಿ ಪೇಜಾವರ ಮಠದ ವಿಶ್ವೇಶತೀರ್ಥರ ಎರಡನೆಯ ಪರ್ಯಾಯ. ರಥಬೀದಿಯಲ್ಲಿ ಉತ್ಸವ, ಛತ್ರಗಳಲ್ಲಿ ಊಟ, ದಿನಾಲೂ ಊರಿಗೆ ಬಂದು ಹೋಗುವ ಯಾತ್ರಿಕರು. ಇಷ್ಟು ಜನರ ಹೊಲಸನ್ನು ತೆಗೆಯುತ್ತಿದ್ದದ್ದು ಹೇಗೆ ಎಂಬುದನ್ನು ಇಂದಿನವರು ಸ್ವಲ್ಪ ಹತ್ತಿರದಿಂದ ನೋಡಬೇಕು.

ಹಳೆಯ ಮನೆಗಳ ಹಿತ್ತಲ ಕೊನೆಯಲ್ಲಿ ಒಂದು ಗೂಡಿನಂಥ ಕಟ್ಟಡ ಇರುತ್ತಿತ್ತು. ಕೂರುವ ಜಾಗ ಎತ್ತರದಲ್ಲಿ, ಕೆಳಗೆ ಒಂದು ಡಬ್ಬಿ ಅಥವಾ ಬುಟ್ಟಿ. ಹಿಂಬದಿಯ ಓಣಿಯ ಕಡೆಗೆ ಮೊಣಕಾಲೆತ್ತರದ ಒಂದು ಕಿಂಡಿ. ಮನೆಯವರು ಏಳುವ ಮೊದಲೇ ಓಣಿಯಿಂದ ಬಂದವರು ಬಗ್ಗಿ, ಆ ಕಿಂಡಿಯೊಳಗೆ ಕೈಹಾಕಿ, ಡಬ್ಬಿಯನ್ನೆಳೆದು ದೊಡ್ಡ ಪಾತ್ರೆಗೆ ಸುರಿದುಕೊಂಡು, ತಲೆಯ ಮೇಲಿಟ್ಟು ಮುಂದಿನ ಮನೆಗೆ ಹೋಗಬೇಕಿತ್ತು. ಕರಾವಳಿಯ ಮಳೆಗಾಲದ ನಾಲ್ಕು ತಿಂಗಳಲ್ಲಿ ಆ ಪಾತ್ರೆಗೆ ನೀರು ಬಿದ್ದು, ಉಕ್ಕಿ, ಹೊತ್ತವರ ಮುಖಕ್ಕೆ ಹೆಗಲಿಗೆ ಇಳಿಯುತ್ತಿತ್ತು. ಈ ಭಾಗದ ಪುರಸಭೆಗಳಲ್ಲಿ ಈ ಕೆಲಸ ಹೆಚ್ಚಾಗಿ ಕೊರಗ ಸಮುದಾಯದವರ ಪಾಲಿಗೇ ಬಂದಿತ್ತು. ಊರಿಗೆಲ್ಲ ಡೋಲು ಬಾರಿಸಿದವರು, ಬುಟ್ಟಿ ಹೆಣೆದುಕೊಟ್ಟವರು ಊರ ಹೊಲಸನ್ನೂ ಹೊರಬೇಕಿತ್ತು. ದೇವಸ್ಥಾನದ ಒಳಗೆ ಮಾತ್ರ ಅವರಿಗೆ ಜಾಗ ಇರಲಿಲ್ಲ.

ಆಚಾರ್ಯರ ಆಡಳಿತ ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಿತು. ಹೇಳಲು ಒಂದು ವಾಕ್ಯ ಸಾಕು. ಆದರೆ ಮಾಡುವಾಗ ಪ್ರತಿ ಮನೆಯ ಹಿತ್ತಲಿಗೆ ಹೋಗಬೇಕು, ಕಿಂಡಿ ಮುಚ್ಚಿಸಬೇಕು, ಗುಂಡಿ ತೋಡಿಸಬೇಕು, ಅದೂ ಮುರಕಲ್ಲಿನ ನೆಲದಲ್ಲಿ, ನೀರು ಹೊಯ್ಯುವ ಪಾಯಿಖಾನೆ ಕಟ್ಟಿಸಬೇಕು. ಗುಂಡಿಯಿಂದ ಇಳಿಯುವ ಕೊಳೆ ಪಕ್ಕದ ಮನೆಯ ಬಾವಿಗೆ ಹೋಗದಂತೆ ನೋಡಬೇಕು. ಖರ್ಚು ಯಾರದ್ದು ಎಂಬ ಜಗಳಕ್ಕೆ ಉತ್ತರ ಕೊಡಬೇಕು. ಇದೆಲ್ಲ ವಿಧಾನಸೌಧದ ಆದೇಶದಿಂದ ಆಗುವ ಕೆಲಸವಲ್ಲ. ಓಣಿ ಓಣಿಯ ಪರಿಚಯವಿರುವ ಪುರಸಭೆಯೇ ಮಾಡಬೇಕಾದದ್ದು. ಅಧ್ಯಕ್ಷರು ಡಾಕ್ಟರಾಗಿದ್ದದ್ದೂ ಇಲ್ಲಿ ಉಪಯೋಗಕ್ಕೆ ಬಂದಿರಬೇಕು. ಕಾಲರಾ, ಆಮಶಂಕೆ, ಹೊಟ್ಟೆಹುಳದ ಕಾಯಿಲೆಗಳು ಎಲ್ಲಿಂದ ಬರುತ್ತವೆ ಎಂದು ಅವರಿಗೆ ಇನ್ನೊಬ್ಬರು ಹೇಳಿಕೊಡಬೇಕಾಗಿರಲಿಲ್ಲ.

ಕಾಲವನ್ನು ಗಮನಿಸಿದರೆ ಈ ಹೆಜ್ಜೆಯ ತೂಕ ತಿಳಿಯುತ್ತದೆ. ರಾಜ್ಯದಲ್ಲಿ ದೇವರಾಜ ಅರಸರ ಸರ್ಕಾರದ ಸಚಿವ ಬಿ. ಬಸವಲಿಂಗಪ್ಪನವರು ಮಲ ಹೊರುವ ಪದ್ಧತಿಗೆ ನಿಷೇಧ ತಂದದ್ದು 70ರ ದಶಕದ ಮೊದಲ ಭಾಗದಲ್ಲಿ. ಕೇಂದ್ರದ ಕಾನೂನು ಬಂದದ್ದು 1993ರಲ್ಲಿ; ಅದು ಸಾಲದೆ 2013ರಲ್ಲಿ ಮತ್ತೊಂದು ಬಂತು. ಕೊರಗರನ್ನು ಅವಮಾನಿಸುವ ಅಜಲು ಪದ್ಧತಿಯನ್ನು ಕರ್ನಾಟಕ ಕಾನೂನಿನ ಮೂಲಕ ನಿಷೇಧಿಸಿದ್ದು 2000ದಲ್ಲಿ. 1969ರ ಡಿಸೆಂಬರಿನಲ್ಲಿ ಉಡುಪಿಯಲ್ಲೇ ವಿಶ್ವ ಹಿಂದೂ ಪರಿಷತ್ತಿನ ಸಮ್ಮೇಳನ ನಡೆದು, ಅಸ್ಪೃಶ್ಯತೆಗೆ ಧರ್ಮದ ಒಪ್ಪಿಗೆ ಇಲ್ಲವೆಂದು ಮಠಾಧೀಶರು ಸಾರಿದರು. ವೇದಿಕೆಯ ಮೇಲಿನ ಆ ಠರಾವಿಗಿಂತ ಓಣಿಯಲ್ಲಿ ಮುಚ್ಚಿದ ಒಂದೊಂದು ಕಿಂಡಿಯೂ ಕಡಿಮೆಯದ್ದಲ್ಲ.

ಎರಡನೆಯ ದೊಡ್ಡ ಕೆಲಸ ನೀರು. ಉಡುಪಿಯಲ್ಲಿ ಮಳೆಗೆ ಬರವಿಲ್ಲ. ಆದರೆ ಮುರಕಲ್ಲಿನ ನೆಲ ನೀರನ್ನು ಬಹಳ ದಿನ ಹಿಡಿದಿಡುವುದಿಲ್ಲ. ಮಾರ್ಚ್ ಕಳೆದರೆ ಬಾವಿಗಳ ತಳ ಕಾಣುತ್ತದೆ, ಕಡಲ ಬದಿಯ ಬಾವಿಗಳು ಉಪ್ಪಾಗುತ್ತವೆ. ಕಾರ್ಕಳ ತಾಲ್ಲೂಕಿನ ಘಟ್ಟದ ಬುಡದಲ್ಲಿ ಹುಟ್ಟಿ ಹಿರಿಯಡಕದ ಬಳಿಯಿಂದ ಹರಿದು ಬರುವ ಸ್ವರ್ಣಾ ನದಿಯ ನೀರನ್ನು ಪೇಟೆಯ ನಲ್ಲಿಗಳಿಗೆ ತಂದದ್ದು, ಒಳಚರಂಡಿಯ ಕೆಲಸ ಕೈಗೆತ್ತಿಕೊಂಡದ್ದು ಆ ಕಾಲದ ಸಾಧನೆ. ಮುಂದೆ ದಶಕಗಳ ಕಾಲ ಉಡುಪಿ, ಮಣಿಪಾಲ ಕುಡಿದದ್ದು ಬಜೆ ಅಣೆಕಟ್ಟಿನ ಸ್ವರ್ಣೆಯ ನೀರನ್ನೇ. 2025ರ ನವೆಂಬರಿನಲ್ಲಿ ಕೃಷ್ಣಮಠಕ್ಕೆ ಬಂದ ಪ್ರಧಾನಿ ನರೇಂದ್ರ ಮೋದಿಯವರೂ ತಮ್ಮ ಭಾಷಣದಲ್ಲಿ 1968ರ ಉಡುಪಿ ಪುರಸಭೆಯನ್ನೂ ಆಚಾರ್ಯರನ್ನೂ ನೆನೆದರು.

ತುರ್ತು ಪರಿಸ್ಥಿತಿ ಬಂದಾಗ ಆಚಾರ್ಯರು ಜೈಲಿಗೆ ಹೋದರು. 1983ರಲ್ಲಿ, ಜನಸಂಘದ ಬಳಿಕ ಬಂದ ಬಿಜೆಪಿ ರಾಜ್ಯದಲ್ಲಿ 18 ಸ್ಥಾನ ಗೆದ್ದು ರಾಮಕೃಷ್ಣ ಹೆಗಡೆಯವರ ಸರ್ಕಾರಕ್ಕೆ ಹೊರಗಿನಿಂದ ಬೆಂಬಲ ಕೊಟ್ಟಿತು. ಆ ಹದಿನೆಂಟರಲ್ಲಿ ಉಡುಪಿಯ ಆಚಾರ್ಯರೂ ಒಬ್ಬರು. 1985ರಲ್ಲಿ ಕ್ಷೇತ್ರ ಕಾಂಗ್ರೆಸ್ಸಿನ ಮನೋರಮಾ ಮಧ್ವರಾಜ್ ಅವರ ಪಾಲಾಯಿತು. ಆಮೇಲೆ ಆಚಾರ್ಯರ ದಾರಿ ವಿಧಾನ ಪರಿಷತ್ತಿನದು. 1997ರಲ್ಲಿ ಉಡುಪಿ ಜಿಲ್ಲೆಯಾಯಿತು. 2006ರ ಸಮ್ಮಿಶ್ರ ಸರ್ಕಾರದಲ್ಲಿ ಅವರು ವೈದ್ಯಕೀಯ ಶಿಕ್ಷಣ ಸಚಿವರು, 2008ರಲ್ಲಿ ಯಡಿಯೂರಪ್ಪನವರ ಸಂಪುಟದಲ್ಲಿ ಗೃಹಸಚಿವರು.

ಗೃಹ ಖಾತೆಯ ಅವಧಿ ಅವರಿಗೆ ಒಳ್ಳೆಯ ಹೆಸರು ತರಲಿಲ್ಲ. 2008ರ ಸೆಪ್ಟೆಂಬರಿನಲ್ಲಿ ಕರಾವಳಿಯ ಚರ್ಚುಗಳ ಮೇಲೆ ದಾಳಿಗಳಾದವು. 2009ರ ಜನವರಿಯಲ್ಲಿ ಮಂಗಳೂರಿನ ಪಬ್ಬಿನಲ್ಲಿ ಹೆಣ್ಣುಮಕ್ಕಳನ್ನು ಹೊಡೆದದ್ದನ್ನು ದೇಶವೇ ನೋಡಿತು. ಪೊಲೀಸರು ಏನು ಮಾಡುತ್ತಿದ್ದರು ಎಂಬ ಪ್ರಶ್ನೆ ನೇರ ಗೃಹಸಚಿವರ ಬಾಗಿಲಿಗೆ ಬಂತು. ಅದಕ್ಕೆ ಸಿಕ್ಕ ಉತ್ತರ ಬಹಳ ಜನರಿಗೆ ಸಮಾಧಾನ ಕೊಡಲಿಲ್ಲ. 2010ರಲ್ಲಿ ಅವರಿಗೆ ಉನ್ನತ ಶಿಕ್ಷಣ ಖಾತೆ ಬಂತು. 2012ರ ಫೆಬ್ರವರಿ 14ರಂದು ಬೆಂಗಳೂರಿನ ಕಾಲೇಜೊಂದರ ಕಾರ್ಯಕ್ರಮದಲ್ಲಿ ಕುಸಿದು ಬಿದ್ದು ಅವರು ತೀರಿಕೊಂಡರು.

ಈಗ ಮತ್ತೆ ನಂದಿಕೂರಿಗೆ ಬರಬೇಕು.

ಇಲ್ಲಿ ಉಷ್ಣ ವಿದ್ಯುತ್ ಸ್ಥಾವರ ತರುವ ಮಾತು ಹಳೆಯದು. 90ರ ದಶಕದಲ್ಲಿ ಅಮೆರಿಕದ ಕೊಜೆಂಟ್ರಿಕ್ಸ್ ಕಂಪನಿ 1,000 ಮೆಗಾವ್ಯಾಟ್ ಸ್ಥಾವರಕ್ಕೆ ಮುಂದೆ ಬಂತು. ಊರವರು ಎದ್ದುನಿಂತರು, ನಂದಿಕೂರು ಜನಜಾಗೃತಿ ಸಮಿತಿ ನ್ಯಾಯಾಲಯದ ಮೆಟ್ಟಿಲು ಹತ್ತಿತು. ವರ್ಷಗಟ್ಟಲೆ ತಡವಾಗಿ, 1999ರ ಡಿಸೆಂಬರಿನಲ್ಲಿ ಕೊಜೆಂಟ್ರಿಕ್ಸ್ ಯೋಜನೆಯನ್ನು ಕೈಬಿಟ್ಟಿತು. ಗೆದ್ದೆವು ಎಂದುಕೊಂಡ ಊರಿಗೆ ಯೋಜನೆ ಇನ್ನೊಂದು ಹೆಸರಿನಲ್ಲಿ ಬಂತು. ಮೊದಲು ನಾಗಾರ್ಜುನ, ಆಮೇಲೆ ಲ್ಯಾಂಕೋ, 2015ರಿಂದ ಅದಾನಿ. ಪಕ್ಕದ ಎಲ್ಲೂರಿನಲ್ಲಿ ಎದ್ದ ಉಡುಪಿ ಪವರ್ ಕಾರ್ಪೊರೇಷನ್ನಿನ 600 ಮೆಗಾವ್ಯಾಟಿನ ಮೊದಲ ಘಟಕ 2010ರ ನವೆಂಬರಿನಲ್ಲಿ, ಎರಡನೆಯದು 2012ರಲ್ಲಿ ವಾಣಿಜ್ಯ ಉತ್ಪಾದನೆ ಶುರುಮಾಡಿದವು. ಇಂಧನ ವಿದೇಶದ ಕಲ್ಲಿದ್ದಲು. ನವಮಂಗಳೂರು ಬಂದರಿನಲ್ಲಿ ಇಳಿದು ರೈಲಿನಲ್ಲಿ ಬರುತ್ತದೆ. ತಂಪು ಮಾಡಲು ಸಮುದ್ರದ ನೀರು. ಉತ್ಪಾದನೆಯ ಬಹುಪಾಲು ಕರ್ನಾಟಕಕ್ಕೆ.

ಮೊದಲ ಘಟಕ ಶುರುವಾದ ಕೂಡಲೇ ಎಲ್ಲೂರು, ನಂದಿಕೂರು ಸುತ್ತಲಿನ ಮನೆಗಳವರು ಹಾರುಬೂದಿಯ ದೂರು ಹೇಳತೊಡಗಿದರು. ಅಂಗಳದಲ್ಲಿ ಒಣಹಾಕಿದ ಬಟ್ಟೆಗೆ, ಹಟ್ಟಿಯ ಹುಲ್ಲಿಗೆ, ಮಲ್ಲಿಗೆ ಗಿಡಕ್ಕೆ ಬೂದಿ. ಬಾವಿ, ಗದ್ದೆಗೆ ಉಪ್ಪುನೀರು. 2008ರಲ್ಲಿ ಭೌಗೋಳಿಕ ಸೂಚ್ಯಂಕ ಪಡೆದ ಉಡುಪಿ ಮಲ್ಲಿಗೆಯ ಸೀಮೆಯಿದು. ನಸುಕಿಗೇ ಮೊಗ್ಗು ಕೊಯ್ದು, ನೇಯ್ದು ಚೆಂಡು ಮಾಡಿ ಹೂ ಮಾರುವ ಕಟ್ಟೆಗೆ ಮುಟ್ಟಿಸುವ ಹೆಂಗಸರ ಮನೆವಾರ್ತೆ ನಡೆಯುವುದೇ ಆ ಗಿಡಗಳಿಂದ. 2022ರ ಮೇ ತಿಂಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕಂಪನಿಗೆ ಸುಮಾರು 52 ಕೋಟಿ ರೂಪಾಯಿ ಪರಿಸರ ಪರಿಹಾರ ವಿಧಿಸಿತು. ಅದಕ್ಕೂ ದೂರು ಹೊತ್ತು ಹೋದದ್ದು ಅದೇ ಜನಜಾಗೃತಿ ಸಮಿತಿ.

ಇಲ್ಲಿ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. 1968ರ ಪುರಸಭಾಧ್ಯಕ್ಷರ ಕೈಯಲ್ಲಿ ದೊಡ್ಡ ಅಧಿಕಾರ ಇರಲಿಲ್ಲ, ದೊಡ್ಡ ದುಡ್ಡೂ ಇರಲಿಲ್ಲ. ಆದರೆ ಊರಿನ ಕಕ್ಕಸು ಮತ್ತು ನಲ್ಲಿ ಹೇಗಿರಬೇಕು ಎಂದು ತೀರ್ಮಾನಿಸುವ ಹಕ್ಕು ಆ ಮೇಜಿನ ಮೇಲಿತ್ತು, ಅವರು ಅದನ್ನು ಬಳಸಿದರು. 2010ರವರೆಗೆ ಜಿಲ್ಲಾ ಉಸ್ತುವಾರಿ ಸಚಿವರ ಕೈಯಲ್ಲಿ ಪೊಲೀಸ್ ಇಲಾಖೆಯೇ ಇತ್ತು, ಸಂಪುಟದಲ್ಲಿ ಹಿರಿಯ ಸ್ಥಾನವಿತ್ತು. ಆದರೂ ಎಲ್ಲೂರಿನ ಚಿಮಣಿ ಎಲ್ಲಿರಬೇಕು, ಬೂದಿ ಎಲ್ಲಿಗೆ ಹೋಗಬೇಕು ಎಂಬ ತೀರ್ಮಾನ ದೆಹಲಿಯ ಅನುಮತಿ, ಕಂಪನಿಯ ಒಪ್ಪಂದ, ರಾಜ್ಯದ ವಿದ್ಯುತ್ ಹಸಿವು ಇವುಗಳ ನಡುವೆ ಆಗಿಹೋಗಿತ್ತು. ಪಲಿಮಾರು, ಎಲ್ಲೂರು ಪಂಚಾಯತಿಗಳ ಮಾತಿಗಂತೂ ಅದರಲ್ಲಿ ಜಾಗವೇ ಇರಲಿಲ್ಲ. ಆಚಾರ್ಯರ ರಾಜಕೀಯ ಬದುಕಿನ ಅತ್ಯುತ್ತಮ ಕೆಲಸ ಅವರ ಅತ್ಯಂತ ಚಿಕ್ಕ ಹುದ್ದೆಯಲ್ಲಿ ಆದದ್ದು.

ಆ ಚಿಕ್ಕ ಹುದ್ದೆ ಬಿಟ್ಟುಹೋದ ಕೆಲಸಗಳು ಇನ್ನೂ ಬಾಕಿ ಇವೆ. ನಗರದ ಕೊಳಚೆ ಇಂದ್ರಾಣಿ ಹೊಳೆಗೆ ಸೇರಿ ನಿಟ್ಟೂರು ಕಡೆಯ ಬಾವಿಗಳು ಕೆಟ್ಟಿವೆ. 2019ರ ಬೇಸಿಗೆಯಲ್ಲಿ ಬಜೆ ಬತ್ತಿ ಪೇಟೆಗೆ ನೀರಿಲ್ಲವಾಯಿತು. ಆಮೇಲೆ ವಾರಾಹಿಯ ನೀರು ತರುವ ಯೋಜನೆ ಕೈಗೆತ್ತಿಕೊಳ್ಳಬೇಕಾಯಿತು. ನಂದಿಕೂರಿನ ಪಕ್ಕದ ಇನ್ನಾದಲ್ಲಿ ಕಾಸರಗೋಡಿಗೆ ಹೋಗುವ 400 ಕೆವಿ ವಿದ್ಯುತ್ ಮಾರ್ಗದ ವಿರುದ್ಧ ಕೃಷಿಕರು ನಿಂತಿದ್ದಾರೆ.

ಬನ್ನಂಜೆಯ ಕೆಎಸ್ಸಾರ್ಟಿಸಿ ಬಸ್ ನಿಲ್ದಾಣಕ್ಕೆ ಡಾ. ವಿ.ಎಸ್. ಆಚಾರ್ಯರ ಹೆಸರಿದೆ. ಅದು ಸರಿಯಾದ ಗೌರವವೇ. ಅದಕ್ಕಿಂತ ಹೆಚ್ಚಿನದನ್ನು ಊರವರು ಮಾಡಬಹುದು. ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಕರೆಯಲೇಬೇಕು. ನಂದಿಕೂರು, ಎಲ್ಲೂರು, ಇನ್ನಾದ ಮತದಾರರು ಆ ಸಭೆಗೆ ಹೋಗಿ ಬೂದಿ, ಬಾವಿ, ತಂತಿಯ ವಿಷಯ ಎತ್ತಿ, ಅದನ್ನು ಠರಾವಿನಲ್ಲಿ ಬರೆಸಿ, ಅದರ ನಕಲು ಕೇಳಿ ಪಡೆಯಬೇಕು. ಉಡುಪಿ ನಗರದವರು ತಮ್ಮ ವಾರ್ಡಿನ ಸದಸ್ಯರನ್ನು ಇಂದ್ರಾಣಿಯ ಬಗ್ಗೆ ಹಾಗೆಯೇ ಕೇಳಬೇಕು.